ಪುಸ್ತಕ ಕಾಯುವವರು ಓದಿಸುವವರಾಗಲು

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲಿಯೂ ಒಂದು ಗ್ರಂಥಾಲಯ ಇರತಕ್ಕದ್ದೆಂದೂ, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ದೊರೆಯಬೇಕೆಂದೂ ವಿಧಿಸುತ್ತದೆ; ಆದರೆ ಆ ಗ್ರಂಥಾಲಯವನ್ನು ಯಾರು ನಡೆಸಬೇಕು, ನಡೆಸುವವರು ಏನನ್ನು ಕಲಿತಿರಬೇಕು ಎಂಬ ಬಗ್ಗೆ ಅದೇ ಅನುಸೂಚಿ ಮೌನವಾಗಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರ್ಕಾರಿ ಶಾಲೆಗಳಿಗೆ ಅವುಗಳಲ್ಲಿರುವ ತರಗತಿಗಳಿಗೆ ಅನುಗುಣವಾಗಿ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಗ್ರಂಥಾಲಯ ಅನುದಾನ ನೀಡುವ ಅವಕಾಶ ಕಲ್ಪಿಸಿದ್ದರಿಂದ ಪುಸ್ತಕಗಳೇನೋ ಹಳ್ಳಿಯ ಶಾಲೆಗಳನ್ನು ತಲುಪತೊಡಗಿದವು. ಪುಸ್ತಕದ ಕಟ್ಟು ಬಿಚ್ಚುವ ಕೈ ಮಾತ್ರ ಹಳೆಯದೇ ಉಳಿಯಿತು. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಎಂಬುದೇ ಇಲ್ಲದಿರುವುದರಿಂದ ಆ ಕೆಲಸ ಮುಖ್ಯ ಶಿಕ್ಷಕರ ಅಥವಾ ಒಬ್ಬ ಸಹಶಿಕ್ಷಕರ ಪಾಲಿಗೆ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಆನ್‌ಲೈನ್ ದಾಖಲಾತಿಗಳ ಜೊತೆಗೆ ಮತ್ತೊಂದು ಹೆಚ್ಚುವರಿ ಹೊಣೆಯಾಗಿ ಬರುತ್ತದೆ.

ಕೊಪ್ಪಳ ಜಿಲ್ಲೆಯ ತಳಕಲ್‌ನಂಥ ಊರಿನಲ್ಲಿ ನಿಂತು ನೋಡಿದರೆ ಈ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ, ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ತಳಕಲ್ ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗದ ಮೇಲಿದ್ದು, ಗದಗ–ವಾಡಿ ಹೊಸ ಮಾರ್ಗ ಇಲ್ಲಿಂದಲೇ ಕವಲೊಡೆದು 2025ರಲ್ಲಿ ಕುಷ್ಟಗಿಯನ್ನು ಮುಟ್ಟಿದೆ. ಊರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ತಾಂತ್ರಿಕ ಶಿಕ್ಷಣದ ನಿಯಮಗಳ ಪ್ರಕಾರ ಅಂಥ ಕಾಲೇಜಿಗೆ ಅರ್ಹ ಗ್ರಂಥಪಾಲಕರು ಬೇಕೇ ಬೇಕು. ಹದಿನೆಂಟು ದಾಟಿದ, ತನಗೆ ಬೇಕಾದ ಪುಸ್ತಕವನ್ನು ತಾನೇ ಹುಡುಕಿಕೊಳ್ಳಬಲ್ಲ ವಿದ್ಯಾರ್ಥಿಗೆ ಗ್ರಂಥಪಾಲಕರನ್ನು ಕಡ್ಡಾಯ ಮಾಡಿದ ವ್ಯವಸ್ಥೆ, ಓದಲು ಈಗಷ್ಟೇ ಕಲಿಯುತ್ತಿರುವ ಆರೇಳು ವರ್ಷದ ಮಗುವಿಗೆ ಆ ನೆರವು ಅಗತ್ಯವಿಲ್ಲವೆಂದು ಭಾವಿಸಿದಂತಿದೆ. ಈ ವಿಚಿತ್ರ ತಳಕಲ್‌ನದಷ್ಟೇ ಅಲ್ಲ, ದೇಶದ ಬಹುತೇಕ ಹಳ್ಳಿಗಳದೂ ಹೌದು.

ಈ ಸೀಮೆಗೆ ಓದಿನ ಹಂಬಲ ಹೊಸದೇನೂ ಅಲ್ಲ. ಆಡಳಿತ ಮತ್ತು ಶಿಕ್ಷಣದಲ್ಲಿ ಉರ್ದುವಿಗೆ ಅಗ್ರಸ್ಥಾನವಿದ್ದ ನಿಜಾಮರ ಕಾಲದಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲವು ಕನ್ನಡದ ವಿದ್ಯಾಭ್ಯಾಸಕ್ಕೆ ಆಸರೆಯಾಗಿ ನಿಂತಿತ್ತು. ‘ಕಾವ್ಯಾನಂದ’ ಎಂಬ ಹೆಸರಿನಿಂದ ಬರೆದು ಮಕ್ಕಳಿಗಾಗಿಯೂ ಕವಿತೆಗಳನ್ನು ಕೊಟ್ಟ ಸಿದ್ಧಯ್ಯ ಪುರಾಣಿಕರು ಇದೇ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದವರು. ಹಂಬಲಕ್ಕೆ ತಕ್ಕ ಪುಸ್ತಕ ಮಗುವಿನ ಕೈಗೆ ಸಿಗದಿರುವುದಕ್ಕೆ ಕಾರಣ ಬೇರೆಯೇ ಇದೆ, ಮತ್ತು ಅದು ಬಹುಮಟ್ಟಿಗೆ ದಾಸ್ತಾನು ವಹಿಯಲ್ಲಿ ಅಡಗಿದೆ.

ಶಾಲೆಗೆ ಬಂದ ಪ್ರತಿ ಪುಸ್ತಕವೂ ಒಂದು ಕ್ರಮಸಂಖ್ಯೆ ಪಡೆದು, ಬೆಲೆಯೊಂದಿಗೆ ದಾಸ್ತಾನು ವಹಿಯಲ್ಲಿ ದಾಖಲಾಗುತ್ತದೆ. ಶಿಕ್ಷಕರು ವರ್ಗಾವಣೆಯಾದಾಗ ಅದೇ ವಹಿಯನ್ನು ಮುಂದಿಟ್ಟುಕೊಂಡು, ಕುರ್ಚಿ ಮೇಜುಗಳನ್ನು ಎಣಿಸುವಂತೆಯೇ ಪುಸ್ತಕಗಳನ್ನೂ ಎಣಿಸಿ ಚಾರ್ಜ್ ಹಸ್ತಾಂತರ ಮಾಡಬೇಕಾಗುತ್ತದೆ. ಲೆಕ್ಕಪರಿಶೋಧನೆಯ ಹೊತ್ತಿಗೆ ಒಂದು ಪುಸ್ತಕ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಅದರ ಹೊಣೆ ಹೊತ್ತವರೇ. ಹೀಗಿರುವಾಗ ಮಗುವಿನ ಕೈಗೆ ಕೊಟ್ಟ ಪುಸ್ತಕ ಹರಿಯಬಹುದು, ಮಳೆಯಲ್ಲಿ ನೆನೆಯಬಹುದು, ಮನೆಯಲ್ಲಿ ತಮ್ಮನ ಆಟಿಕೆಯಾಗಬಹುದು ಎಂಬ ಆತಂಕ ಸಹಜ, ಅಲಮಾರಿಗೆ ಬೀಗ ಬೀಳುವುದೂ ಸಹಜ. ಇದನ್ನು ಶಿಕ್ಷಕರ ಅಸಡ್ಡೆ ಎಂದು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಏಕೆಂದರೆ ಪುಸ್ತಕ ಕಳೆದರೆ ಪ್ರಶ್ನೆ ಎದುರಾಗುವ, ಓದಿಸದಿದ್ದರೆ ಯಾವ ಪ್ರಶ್ನೆಯೂ ಏಳದ ಕಡೆ ಯಾರಾದರೂ ಬೀಗವನ್ನೇ ಆಯ್ದುಕೊಂಡಾರು. ಇಲ್ಲಿ ಗಮನಿಸಬೇಕಾದ ಒಂದು ನಿಯಮವಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ 1000 ಪುಸ್ತಕಗಳಿಗೆ 5 ಪುಸ್ತಕಗಳು ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದೆಂದು ಹೇಳುತ್ತವೆ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಅದಕ್ಕೆ ಕಾರಣವಾಗಿರಬಾರದು ಎಂಬುದು ಷರತ್ತು. ಈ ನಿಯಮ ರಾಜ್ಯದ ಹಳ್ಳಿ ಶಾಲೆಗೆ ನೇರವಾಗಿ ಅನ್ವಯಿಸದಿದ್ದರೂ, ಬಳಕೆಯಾಗುವ ಗ್ರಂಥಾಲಯದಲ್ಲಿ ಪುಸ್ತಕ ಸವೆಯುವುದು ಮತ್ತು ಕೆಲವು ಕಳೆಯುವುದು ಸಹಜವೆಂದು ಸರ್ಕಾರದ ಹಣಕಾಸು ವ್ಯವಸ್ಥೆಯೇ ಒಪ್ಪಿದೆ ಎಂಬುದು ಗ್ರಂಥಾಲಯದ ಉಸ್ತುವಾರಿ ಶಿಕ್ಷಕರಿಗೆ ಮೊದಲ ದಿನವೇ ತಿಳಿಸಬೇಕಾದ ಸಂಗತಿ. ಹಾಗೆ ನೋಡಿದರೆ, ಗ್ರಂಥಾಲಯ ತರಬೇತಿಯ ಮೊದಲ ಪಾಠ ವರ್ಗೀಕರಣವಾಗಿರದೆ ಭಯ ನಿವಾರಣೆಯಾಗಿರಬೇಕು.

ಈ ಸ್ಥಿತಿಯನ್ನು ಮೊದಲ ಬಾರಿಗೆ ಗುರುತಿಸಿದ್ದು ಇಂದಿನವರಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಲ್ಲಿ ಸಲ್ಲಿಸಿದ ವರದಿಯಲ್ಲಿ, ಮಕ್ಕಳ ಅಭಿರುಚಿಯನ್ನು ಲೆಕ್ಕಿಸದೆ ಆಯ್ದ ಹಳೆಯ ಪುಸ್ತಕಗಳು, ಅನಾಕರ್ಷಕವಾದ ಇಕ್ಕಟ್ಟಿನ ಕೋಣೆ, ಪುಸ್ತಕದ ಮೇಲೆ ಪ್ರೀತಿಯಾಗಲಿ ಗ್ರಂಥಾಲಯ ಕೆಲಸದ ಅರಿವಾಗಲಿ ಇಲ್ಲದ ಗುಮಾಸ್ತ ಅಥವಾ ಬಿಡುವಿನ ವೇಳೆಯ ಶಿಕ್ಷಕ – ಹೀಗೆ ಅಂದಿನ ಶಾಲಾ ಗ್ರಂಥಾಲಯಗಳನ್ನು ನಿಷ್ಠುರವಾಗಿ ವರ್ಣಿಸಿ, ತರಬೇತಿ ಪಡೆದ ಗ್ರಂಥಪಾಲಕರು ಬೇಕೆಂದು ಶಿಫಾರಸು ಮಾಡಿತ್ತು. ಅದಕ್ಕಿಂತ ಕಾಲು ಶತಮಾನ ಹಿಂದೆಯೇ, ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನದ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು ರೂಪಿಸಿದ್ದರು. ಅವನ್ನು ಅವರು ಮೊದಲು ಸಾರ್ವಜನಿಕವಾಗಿ ಮಂಡಿಸಿದ್ದು 1928ರ ಡಿಸೆಂಬರಿನಲ್ಲಿ ಚಿದಂಬರದಲ್ಲಿ ನಡೆದ ಶೈಕ್ಷಣಿಕ ಸಮ್ಮೇಳನದಲ್ಲಿ, ಎಂದರೆ ಶಿಕ್ಷಕರ ಎದುರಿನಲ್ಲಿ. ಮರುವರ್ಷವೇ ಮದ್ರಾಸ್ ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಿಗೆ ರಜೆಯ ತರಬೇತಿ ಶಾಲೆ ತೆರೆದ ಅವರು 1942ರಲ್ಲಿ ಶಾಲಾ ಕಾಲೇಜು ಗ್ರಂಥಾಲಯಗಳ ಮೇಲೆಯೇ ಒಂದು ಪ್ರತ್ಯೇಕ ಪುಸ್ತಕ ಬರೆದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡ ರಂಗನಾಥನ್ ಅವರ ಹುಟ್ಟುಹಬ್ಬವಾದ ಆಗಸ್ಟ್ 12 ಈಗ ರಾಷ್ಟ್ರೀಯ ಗ್ರಂಥಪಾಲಕರ ದಿನ. ಅವರ ಭಾವಚಿತ್ರಕ್ಕೆ ಹಾರ ಹಾಕಿ ದಿನಾಚರಣೆ ಮಾಡುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಪುಸ್ತಕಗಳಿರುವುದು ಬಳಸುವುದಕ್ಕಾಗಿ ಎಂಬ ಅವರ ಮೊದಲ ಸೂತ್ರದ ತಿರುಳು ಮಾತ್ರ ಅಲಮಾರಿಯ ಬೀಗವನ್ನು ಇನ್ನೂ ತೆರೆದಿಲ್ಲ.

ಹಾಗಾದರೆ ಶಾಲಾ ಗ್ರಂಥಾಲಯ ನಡೆಸುವವರು ಕಲಿಯಬೇಕಾದುದೇನು? ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನದ ಪದವಿಯಲ್ಲಿ ಮುಖ್ಯವಾಗಿ ಕಲಿಸುವುದು ವರ್ಗೀಕರಣ, ಎಂದರೆ ವಿಷಯಾನುಸಾರ ಪುಸ್ತಕಗಳಿಗೆ ಸಂಖ್ಯೆ ಕೊಟ್ಟು ಜೋಡಿಸುವ ವಿಧಾನ, ಮತ್ತು ಸೂಚೀಕರಣ, ಎಂದರೆ ಲೇಖಕ, ಶೀರ್ಷಿಕೆ, ವಿಷಯಗಳ ಮೂಲಕ ಪುಸ್ತಕ ಹುಡುಕಲು ನೆರವಾಗುವ ಪಟ್ಟಿ ತಯಾರಿಸುವ ವಿಧಾನ. ಸಾವಿರಾರು ಪುಸ್ತಕಗಳ ದೊಡ್ಡ ಗ್ರಂಥಾಲಯಕ್ಕೆ ಇವಿಲ್ಲದೆ ನಡೆಯದು. ಮುನ್ನೂರು ನಾನೂರು ಪುಸ್ತಕಗಳಿರುವ ಹಳ್ಳಿಯ ಶಾಲೆಗೆ ಬೇಕಾದುದು ಬೇರೆಯೇ ಬಗೆಯ ವಿದ್ಯೆ. ಅಲ್ಲಿ ದಶಮಾಂಶ ಸಂಖ್ಯೆಗಿಂತ ಪುಸ್ತಕದ ಬೆನ್ನಿಗೆ ಅಂಟಿಸಿದ ಒಂದು ಬಣ್ಣದ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ಸಂಸ್ಥೆಯು ಮಕ್ಕಳ ಪುಸ್ತಕಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ಆರು ಬಣ್ಣಗಳ ಹಂತಗಳಾಗಿ ವಿಂಗಡಿಸಿ, ಮಗು ತನ್ನ ಹಂತದ ಪುಸ್ತಕವನ್ನು ತಾನೇ ಆಯ್ದುಕೊಳ್ಳುವಂತೆ ಮಾಡಿದ ಪದ್ಧತಿ ಇದಕ್ಕೆ ಒಳ್ಳೆಯ ನಿದರ್ಶನ. ಪುಸ್ತಕಗಳ ಬೆನ್ನು ಕಾಣುವಂತೆ ನಿಲ್ಲಿಸುವ ಬದಲು ಮುಖಪುಟ ಕಾಣುವಂತೆ ಗೋಡೆಗೆ ಕಟ್ಟಿದ ದಾರದ ಮೇಲೆ ತೂಗುಹಾಕಿದರೆ, ಓದಲು ಬಾರದ ಮಗುವೂ ಚಿತ್ರ ನೋಡಿ ಕೈಚಾಚುತ್ತದೆ. ಇಂಥ ಸಣ್ಣ ಉಪಾಯಗಳನ್ನು ಯಾವ ಪದವಿಯೂ ಕಲಿಸುವುದಿಲ್ಲ. ಮತ್ತೊಂದು ಶಾಲೆಯಲ್ಲಿ ಕಣ್ಣಾರೆ ಕಂಡವರು ಮರುದಿನವೇ ತಮ್ಮಲ್ಲಿ ಮಾಡಬಲ್ಲರು.

ಎಲ್ಲಕ್ಕಿಂತ ಮುಖ್ಯವಾದುದು ಗಟ್ಟಿ ಓದು. ಪಠ್ಯಪುಸ್ತಕವನ್ನು ಸರದಿಯ ಮೇಲೆ ಮಕ್ಕಳಿಂದ ಓದಿಸುವ ರೂಢಿಯೊಂದಿಗೆ ಇದನ್ನು ಬೆರೆಸಬಾರದು. ಇಲ್ಲಿ ಓದುವವರು ಶಿಕ್ಷಕರು. ಅವರು ಒಂದು ಚಿತ್ರಪುಸ್ತಕವನ್ನು ಆರಿಸಿ, ಮೊದಲೇ ಒಂದೆರಡು ಸಲ ಓದಿಕೊಂಡು, ಮಕ್ಕಳನ್ನು ಅರ್ಧವೃತ್ತದಲ್ಲಿ ಕೂರಿಸಿ, ಚಿತ್ರಗಳು ಕೊನೆಯ ಮಗುವಿಗೂ ಕಾಣುವಂತೆ ಪುಸ್ತಕವನ್ನು ಮಕ್ಕಳ ಕಡೆಗೆ ತೆರೆದು ಎದೆಯ ಪಕ್ಕಕ್ಕೆ ಹಿಡಿದುಕೊಳ್ಳುತ್ತಾರೆ. ಮುಖಪುಟ ತೋರಿಸಿ ಒಳಗೇನಿರಬಹುದೆಂದು ಊಹಿಸಲು ಬಿಡುತ್ತಾರೆ. ಕಥೆ ಬರೆದವರ ಮತ್ತು ಚಿತ್ರ ಬರೆದವರ ಹೆಸರು ಹೇಳುತ್ತಾರೆ. ಪುಟ ತಿರುವುವ ಮುನ್ನ ಅರೆಗಳಿಗೆ ತಡೆದು, ಮುಂದೇನಾದೀತೆಂಬ ಕುತೂಹಲ ಕುದುರಲು ಬಿಡುತ್ತಾರೆ. ಓದಿ ಮುಗಿದೊಡನೆ ಕಥೆಯ ನೀತಿಯನ್ನು ಕೇಳುವ ಚಪಲವನ್ನು ಅವರು ಹತ್ತಿಕ್ಕಿಕೊಳ್ಳಬೇಕು, ಮತ್ತು ಇದೇ ಅತ್ಯಂತ ಕಷ್ಟದ ಪಾಠ. ಪ್ರಶ್ನೋತ್ತರವೇ ಬೋಧನೆಯೆಂದು ವರ್ಷಗಟ್ಟಲೆ ನಂಬಿದವರಿಗೆ ಮಗು ಸುಮ್ಮನೆ ಕಥೆಯನ್ನು ಸವಿಯಲು ಬಿಡುವುದು ಕೆಲಸ ತಪ್ಪಿಸಿದಂತೆ ಅನಿಸುತ್ತದೆ. ಪುಸ್ತಕವನ್ನು ನಂತರ ಮಕ್ಕಳ ಕೈಗೆಟಕುವಂತೆ ಅಲ್ಲೇ ಬಿಟ್ಟು ಹೋದರೆ, ಅಂದು ಆ ಪುಸ್ತಕಕ್ಕಾಗಿ ಜಗಳವಾಗುವುದೇ ಗಟ್ಟಿ ಓದು ಫಲಿಸಿದ್ದಕ್ಕೆ ಸಾಕ್ಷಿ.

ಕೊಪ್ಪಳ ಜಿಲ್ಲೆಯ ಮಟ್ಟಿಗೆ ಈ ವಿದ್ಯೆಗೆ ಸ್ಥಳೀಯವಾದ ಕೆಲವು ತೊಡಕುಗಳೂ ಇವೆ, ಅನುಕೂಲಗಳೂ ಇವೆ. ಯಲಬುರ್ಗಾ, ಕುಷ್ಟಗಿ ಭಾಗದ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಗಂಗಾವತಿ ಸುತ್ತಲಿನ ಕ್ಯಾಂಪುಗಳಲ್ಲಿ ತೆಲುಗು ಕೇಳಿಸುತ್ತದೆ. ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಕನ್ನಡವೇ ಮನೆಮಾತಾದ ಮಗುವಿಗೂ ಪುಸ್ತಕದ ಗ್ರಾಂಥಿಕ ಕನ್ನಡ ತನ್ನೂರಿನ ಮಾತಿನಿಂದ ಸಾಕಷ್ಟು ದೂರದ್ದು. ಮೇಲಿನ ತರಗತಿಯ ಮಗುವೊಂದು ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಶಿಕ್ಷಕರು ಪುಸ್ತಕದಿಂದ ಕನ್ನಡದಲ್ಲಿ ಓದಿದರೆ ಈ ದೂರ ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿನ ಕುಟುಂಬಗಳು ಗುಳೆ ಹೋಗುವುದು ಹೊಸ ಸಂಗತಿಯಲ್ಲ. ತಿಂಗಳುಗಟ್ಟಲೆ ಶಾಲೆ ತಪ್ಪಿಸಿ ಮರಳುವ ಮಗುವಿಗೆ ತನ್ನ ತರಗತಿಯ ಪಾಠ ದೂರ ಸರಿದಿರುತ್ತದೆ, ಆದರೆ ಗ್ರಂಥಾಲಯದಲ್ಲಿ ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ, ತನಗೆ ದಕ್ಕುವ ಪುಸ್ತಕದಿಂದ ಅದು ಮತ್ತೆ ಶುರುಮಾಡಬಹುದು. ಅನುಕೂಲದ ಮಾತಿಗೆ ಬಂದರೆ, ಕಥೆ ಹೇಳುವ ಕಲೆಯನ್ನು ಹೊರಗಿನಿಂದ ತರಬೇಕಾದ ಜಿಲ್ಲೆ ಇದಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ಕಿನ್ನಾಳದ ಮರದ ಗೊಂಬೆಗಳು ನಾಡಿನಾಚೆಗೂ ಹೆಸರಾಗಿವೆ. ಸಂಪನ್ಮೂಲ ವ್ಯಕ್ತಿಯೆಂದರೆ ಪವರ್‌ಪಾಯಿಂಟ್ ಹಿಡಿದು ನಗರದಿಂದ ಬರುವವರೇ ಆಗಬೇಕಿಲ್ಲ ಎಂಬುದನ್ನು ತರಬೇತಿ ಯೋಜಿಸುವವರು ಇಲ್ಲಿಂದಲೇ ಅರಿಯಬಹುದು.

ಇನ್ನು ಇದನ್ನೆಲ್ಲ ಕಲಿಸುವ ಬಗೆ. ಒಂದು ದಿನ ಸಭಾಂಗಣದಲ್ಲಿ ಕೂರಿಸಿ, ಭಾಷಣ ಕೇಳಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುವ ಕ್ರಮಕ್ಕೆ ತರಬೇತಿಯೆಂಬ ಹೆಸರಿದೆ. ಅದಕ್ಕೆ ಪ್ರತಿಯಾಗಿ ಶಿಕ್ಷಣತಜ್ಞರು ಈಗ ವೃತ್ತಿಪರ ಕಲಿಕೆ ಎಂದು ಕರೆಯುವುದು, ಕೆಲಸದಲ್ಲಿರುವ ವ್ಯಕ್ತಿ ತನ್ನ ಕೆಲಸದ ಜಾಗದಲ್ಲಿಯೇ, ಸಹೋದ್ಯೋಗಿಗಳ ಜೊತೆ, ಮಾಡುತ್ತ, ತಿದ್ದಿಕೊಳ್ಳುತ್ತ, ವರ್ಷವಿಡೀ ಮುಂದುವರಿಸುವ ಕಲಿಕೆಯನ್ನು. ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಷವರ್ಸ್ 1980ರ ದಶಕದಲ್ಲಿಯೇ ಶಿಕ್ಷಕರ ತರಬೇತಿಗಳನ್ನು ಪರಿಶೀಲಿಸಿ, ವಿವರಣೆ ಮತ್ತು ಪ್ರಾತ್ಯಕ್ಷಿಕೆಗಳಿಂದ ಶಿಕ್ಷಕರಿಗೆ ವಿಷಯ ತಿಳಿಯುವುದಾದರೂ, ಆ ತಿಳಿವು ತರಗತಿಯ ರೂಢಿಯಾಗಬೇಕಾದರೆ ನಂತರದ ದಿನಗಳಲ್ಲಿ ಜೊತೆಗಿದ್ದು ತಿದ್ದುವ ಸಹಾಯ ಬೇಕೆಂದು ವಾದಿಸಿದ್ದರು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 2015ರಲ್ಲಿ ಪರಿಷ್ಕರಿಸಿದ ಶಾಲಾ ಗ್ರಂಥಾಲಯ ಮಾರ್ಗಸೂಚಿಯೂ ಶಾಲಾ ಗ್ರಂಥಪಾಲಕರಿಗೆ ಬೋಧನೆ ಮತ್ತು ಗ್ರಂಥಾಲಯ ಕೆಲಸ ಎರಡರ ಶಿಕ್ಷಣವೂ ಬೇಕು ಎನ್ನುತ್ತದೆ. ಭಾರತದಲ್ಲಿ ಇದಕ್ಕೆ ಹತ್ತಿರವಾದ ಮಾದರಿಯನ್ನು ಕಟ್ಟಿದ್ದು ಟಾಟಾ ಟ್ರಸ್ಟ್‌ಗಳ ‘ಪರಾಗ್’ ಉಪಕ್ರಮ ಮತ್ತು ಗೋವಾದ ‘ಬುಕ್‌ವರ್ಮ್’ ಸಂಸ್ಥೆ. ಇವು ಜೊತೆಗೂಡಿ ರೂಪಿಸಿದ, ಹಲವು ತಿಂಗಳು ನಡೆಯುವ ಗ್ರಂಥಾಲಯ ಶಿಕ್ಷಕರ ಕೋರ್ಸಿನಲ್ಲಿ ಕಲಿಯುವವರು ನಡುನಡುವೆ ಒಂದೆಡೆ ಸೇರಿ ಕಲಿತು, ಉಳಿದ ಕಾಲ ತಮ್ಮ ತಮ್ಮ ಗ್ರಂಥಾಲಯಗಳಲ್ಲೇ ಇದ್ದು ಓದುತ್ತಾರೆ, ಒಂದು ಕ್ಷೇತ್ರಕಾರ್ಯವನ್ನು ಕೈಗೊಂಡು ಪ್ರಯೋಗ ಮಾಡುತ್ತಾರೆ. ಮಕ್ಕಳ ಸಾಹಿತ್ಯವನ್ನು ಸ್ವತಃ ಬಹಳಷ್ಟು ಓದುವುದು ಇದರ ಒಂದು ಮುಖ್ಯ ಭಾಗ. ತಾನು ಓದದ ಪುಸ್ತಕವನ್ನು ಯಾರೂ ಇನ್ನೊಬ್ಬರಿಗೆ ಓದಿಸಲಾರರು ಎಂಬ ಸರಳ ಸತ್ಯವನ್ನು ನಮ್ಮ ಸರ್ಕಾರಿ ತರಬೇತಿಗಳ ವೇಳಾಪಟ್ಟಿ ಇನ್ನೂ ಗಮನಿಸಿದಂತಿಲ್ಲ.

ಕರ್ನಾಟಕದಲ್ಲಿ ಈ ದಿಕ್ಕಿನ ದೊಡ್ಡ ಪ್ರಯೋಗ ನಡೆದದ್ದು, ಕುತೂಹಲದ ವಿಷಯವೆಂದರೆ, ಶಾಲೆಯ ಹೊರಗೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ಬೆಳೆದ, ಐದೂವರೆ ಸಾವಿರಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಇಲಾಖೆಯು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಉಚಿತ ಸದಸ್ಯತ್ವ ನೀಡಿತು. ಅದುವರೆಗೆ ಪತ್ರಿಕೆ ಓದಲು ಬರುವ ಹಿರಿಯರಿಗಾಗಿ ಬಾಗಿಲು ತೆರೆದು ಮುಚ್ಚುತ್ತಿದ್ದ, ಗೌರವಧನದ ಮೇಲೆ ದುಡಿಯುತ್ತಿದ್ದ ಗ್ರಂಥಾಲಯ ಮೇಲ್ವಿಚಾರಕರು ಇದ್ದಕ್ಕಿದ್ದಂತೆ ಮಕ್ಕಳಿಗೆ ಕಥೆ ಓದಿ ಹೇಳುವ, ಪತ್ರ ಬರೆಯಿಸುವ, ಚಿತ್ರ ಬಿಡಿಸಲು ಕೂರಿಸುವ ಹೊಣೆ ಹೊರಬೇಕಾಯಿತು, ಮತ್ತು ಅದಕ್ಕಾಗಿ ಕಲಿಯಬೇಕಾಯಿತು. ಈಗ ‘ಅರಿವು ಕೇಂದ್ರ’ ಎಂದು ಕರೆಸಿಕೊಳ್ಳುವ ಈ ಗ್ರಂಥಾಲಯಗಳೆಲ್ಲ ಒಂದೇ ಸಮನಾಗಿ ಬದಲಾಗಿವೆ ಎನ್ನಲಾಗದು; ಕೋಣೆ, ಪುಸ್ತಕ, ಪಂಚಾಯಿತಿಯ ಆಸಕ್ತಿ, ಮೇಲ್ವಿಚಾರಕರ ಉತ್ಸಾಹ ಇವುಗಳ ಮೇಲೆ ಬಹಳಷ್ಟು ನಿಂತಿದೆ. ಆದರೂ ಗ್ರಂಥಾಲಯ ಪದವಿಯಿಲ್ಲದವರೂ ಸರಿಯಾದ ಬೆಂಬಲ ಸಿಕ್ಕರೆ ಮಕ್ಕಳನ್ನು ಪುಸ್ತಕದತ್ತ ಸೆಳೆಯಬಲ್ಲರೆಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಇಲ್ಲಿಯೇ ಒಂದು ಆಡಳಿತಾತ್ಮಕ ವಿಪರ್ಯಾಸವೂ ಇದೆ. ಒಂದೇ ಊರಿನಲ್ಲಿ, ಕೂಗಳತೆಯ ದೂರದಲ್ಲಿ, ಅವೇ ಮಕ್ಕಳಿಗಾಗಿ ಎರಡು ಗ್ರಂಥಾಲಯಗಳಿರುತ್ತವೆ. ಒಂದು ಪಂಚಾಯತ್ ರಾಜ್ ಇಲಾಖೆಯದು, ಇನ್ನೊಂದು ಶಾಲಾ ಶಿಕ್ಷಣ ಇಲಾಖೆಯದು. ಮೇಲ್ವಿಚಾರಕರಿಗೆ ಒಂದು ಕಡೆ ತರಬೇತಿ, ಶಿಕ್ಷಕರಿಗೆ ಇನ್ನೊಂದು ಕಡೆ, ಅದೂ ಗ್ರಂಥಾಲಯದ ವಿಷಯದಲ್ಲಿ ಅಪರೂಪವಾಗಿ. ಮಗುವಿನ ಓದಿನ ಮಟ್ಟ ಬಲ್ಲವರು ಶಿಕ್ಷಕರು. ಸಂಜೆ ಮತ್ತು ರಜಾ ದಿನಗಳಲ್ಲಿ ಅದೇ ಮಗು ಸಿಗುವುದು ಮೇಲ್ವಿಚಾರಕರಿಗೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಪುಸ್ತಕವನ್ನು ಚರ್ಚಿಸಿದ ಸಂದರ್ಭ ಎಲ್ಲಿಯಾದರೂ ಇದ್ದರೆ ಅದು ಅವರವರ ಸ್ವಂತ ಸ್ನೇಹದಿಂದ ಒದಗಿದ್ದು, ವ್ಯವಸ್ಥೆ ಒದಗಿಸಿದ್ದಲ್ಲ.

ತಳಕಲ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇದನ್ನು ಸರಿಪಡಿಸಲು ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ಶಾಲೆಗಳನ್ನು ಗುಂಪುಗೂಡಿಸಿದ ಸಮೂಹ ವ್ಯವಸ್ಥೆ ಮತ್ತು ಅದಕ್ಕೊಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ, ಎಂದರೆ ಎಲ್ಲರ ಬಾಯಲ್ಲಿರುವ ಸಿಆರ್‌ಪಿ, ಈಗಾಗಲೇ ಇದ್ದಾರೆ. ಜಿಲ್ಲೆಯ ಶಿಕ್ಷಕರ ತರಬೇತಿಯ ಹೊಣೆ ಹೊತ್ತ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಎಂದರೆ ಡಯಟ್, ಮುನಿರಾಬಾದಿನಲ್ಲಿದೆ, ತಳಕಲ್‌ನ ರೈಲು ಮಾರ್ಗದಲ್ಲಿಯೇ. ಸಮೂಹದ ಉಸ್ತುವಾರಿ ಶಿಕ್ಷಕರೂ ಆ ಪಂಚಾಯಿತಿಗಳ ಮೇಲ್ವಿಚಾರಕರೂ ತಿಂಗಳಿಗೊಮ್ಮೆ ಅರ್ಧ ದಿನ ಸೇರಿ, ಪ್ರತಿ ಸಲವೂ ಬೇರೊಂದು ಶಾಲೆಯಲ್ಲಿ, ಒಬ್ಬರು ಮಕ್ಕಳ ಎದುರು ನಿಜವಾಗಿ ಗಟ್ಟಿ ಓದು ನಡೆಸಿ, ಉಳಿದವರು ನೋಡಿ, ನಂತರ ಬಿಚ್ಚುಮನಸ್ಸಿನಿಂದ ಮಾತನಾಡಿದರೆ ಅದೇ ವೃತ್ತಿಪರ ಕಲಿಕೆಯ ತಿರುಳು. ಹರಿದ ಪುಸ್ತಕಕ್ಕೆ ಗೋಂದು ಬಟ್ಟೆ ಹಚ್ಚಿ ಹೊಲಿಯುವುದನ್ನು, ತಮ್ಮಲ್ಲಿ ಯಾರೂ ಮುಟ್ಟದ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಉಚಿತವಾಗಿ ಸಿಗುವ ಕನ್ನಡ ಕಥೆಗಳನ್ನು ಮುದ್ರಿಸಿಕೊಳ್ಳುವುದನ್ನು ಅಲ್ಲಿಯೇ ಕಲಿಯಬಹುದು. ಶಿಕ್ಷಕರ ಹೊರೆಯ ಮೇಲೆ ಇದು ಇನ್ನೊಂದು ಹೊರೆಯಾಗಬಾರದೆಂದರೆ ಆ ಅರ್ಧ ದಿನವನ್ನು ಕರ್ತವ್ಯದ ಅವಧಿಯೆಂದೇ ಗಣಿಸಬೇಕು, ಇಲ್ಲದಿದ್ದರೆ ಮೂರನೆಯ ತಿಂಗಳಿಗೆ ಹಾಜರಾತಿ ಕರಗುವುದು ಖಂಡಿತ.

ಇಂಥ ಕಲಿಕೆ ಫಲಿಸಿದೆಯೇ ಎಂದು ಅಳೆಯಲು ಎಷ್ಟು ಮಂದಿಗೆ ತರಬೇತಿಯಾಯಿತು ಎಂಬ ಲೆಕ್ಕ ನಿರುಪಯುಕ್ತ. ನೋಡಬೇಕಾದುದು ಎರವಲು ವಹಿಯನ್ನು: ಕಳೆದ ತಿಂಗಳು ಎಷ್ಟು ಮಕ್ಕಳು ಪುಸ್ತಕವನ್ನು ಮನೆಗೆ ಒಯ್ದರು, ಅವರಲ್ಲಿ ಓದಲು ತಡವರಿಸುವವರು ಎಷ್ಟು, ಹುಡುಗಿಯರು ಎಷ್ಟು, ತಾಂಡಾದವರು ಎಷ್ಟು, ಯಾವ ಪುಸ್ತಕ ಒಮ್ಮೆಯೂ ಹೊರಹೋಗಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರೇ ಸದಸ್ಯರಾಗಿರುವುದರಿಂದ ಈ ವಹಿಯನ್ನು ತೋರಿಸಿರೆಂದು ಕೇಳುವ ಅಧಿಕಾರ ಅವರಿಗಿದೆ, ಜೊತೆಗೆ ಹರಿದ ಪುಸ್ತಕಕ್ಕಾಗಿ ಶಿಕ್ಷಕರನ್ನು ದೂಷಿಸುವುದಿಲ್ಲವೆಂದು ಅದೇ ಸಭೆಯಲ್ಲಿ ಠರಾವು ಮಾಡುವ ಅವಕಾಶವೂ ಇದೆ. ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನಗಳ ಬೇಡಿಕೆಯ ಜೊತೆಗೆ ಪುಸ್ತಕದ ಅಲಮಾರಿ ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬ ಪ್ರಶ್ನೆಯನ್ನೂ ಮಕ್ಕಳು ಕೇಳಲಿ. ಉತ್ತರಿಸಲು ಶಾಲೆಯ ಮುಖ್ಯ ಶಿಕ್ಷಕರನ್ನೂ ಅರಿವು ಕೇಂದ್ರದ ಮೇಲ್ವಿಚಾರಕರನ್ನೂ ಪಂಚಾಯಿತಿಯು ಒಟ್ಟಿಗೆ ಕರೆಸಲಿ.